ಟೇಪಣ್ಣ ಹೊಲಿದ ಗಾಳಿಚೀಲ

ನಮ್ಮೂರಿನ ಮರಳು ಎಲ್ಲರಿಗೂ ಬೇಕು. ಬಲೆ ಒಣಗಿಸುವ ನನ್ನಂಥವರಿಗೆ ಬೇಕು, ಮಕ್ಕಳಿಗೆ ಚೆಂಡಾಡಲು ಬೇಕು, ವಯಸ್ಸಾದವರಿಗೆ ಸಂಜೆ ಕೂತು ಪಕ್ಕದ ಮನೆಯ ಸುದ್ದಿ ಬಿಡಿಸಲು ಬೇಕು. ಮಂಗಳವಾರ ಮತ್ತು ಶುಕ್ರವಾರ ವಿಮಾನಕ್ಕೂ ಬೇಕು. ಒಂದೇ ಮರಳು, ಇಷ್ಟು ಜನ. ತಕರಾರು ಬಾರದೆ ಇರುತ್ತದೆಯೇ?

ವಿಮಾನ ಎಂದ ಕೂಡಲೇ ದೊಡ್ಡದನ್ನು ಊಹಿಸಬೇಡಿ. ನಾಲ್ಕೇ ಸೀಟಿನ ಪುಟ್ಟ ವಿಮಾನ. ದೂರದಿಂದ ಕೇಳಿದರೆ ನನ್ನ ಮೈದುನನ ಹೊಲಿಗೆ ಯಂತ್ರಕ್ಕೂ ಅದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ದೋಣಿಯಲ್ಲಿ ಇಡೀ ದಿನದ ದಾರಿಯನ್ನು ಅದು ಅರ್ಧ ಗಂಟೆಯಲ್ಲಿ ಮುಗಿಸಿ, ಡಾಕ್ಟರನ್ನೂ ಔಷಧಿ ಪೆಟ್ಟಿಗೆಯನ್ನೂ ತಂದು ಇಳಿಸುತ್ತದೆ. ಸಮುದ್ರದ ನೀರು ಹಿಂದೆ ಸರಿದಾಗ ಗಟ್ಟಿ ಒದ್ದೆ ಮರಳು ಉಳಿಯುತ್ತದಲ್ಲ, ಅದೇ ಅದರ ರಸ್ತೆ. ಎರಡು ಗಂಟೆ ತಡವಾದರೆ ರಸ್ತೆ ನೀರಿನ ಅಡಿಗೆ ಹೋಗಿರುತ್ತದೆ.

ಆ ರಸ್ತೆಯ ಒಂದು ತುದಿಯಲ್ಲಿ ಕಂಬ, ಕಂಬದ ಮೇಲೆ ಕಿತ್ತಳೆ ಬಣ್ಣದ ಗಾಳಿಚೀಲ. ಇನ್ನೊಂದು ತುದಿಯಲ್ಲಿ ಅರ್ಧ ಮರಳು ತುಂಬಿ ಬಿಳಿ ಬಣ್ಣ ಬಳಿದ ಸಣ್ಣ ಡ್ರಮ್ಮು. ನಡುವೆ ಒಂದು ಬದಿಗೆ ಕುರ್ಚಿ ಹಾಕಿಕೊಂಡು ಬಾವುಟದ ಮಾವ. ಕಂಪನಿಯವರು ಅವನಿಗೆ ಒಂದು ಕೆಂಪು ಬಾವುಟ, ಒಂದು ರೇಡಿಯೊ ಕೊಟ್ಟಿದ್ದಾರೆ. ವಿಮಾನದ ಸದ್ದು ಕೇಳಿದರೆ ಬಾವುಟ ಎತ್ತಬೇಕು, ಜನರನ್ನು ಮರಳಿನಿಂದ ಆಚೆ ಕಳಿಸಬೇಕು, ಚೀಲ ನೋಡಿ ಗಾಳಿ ಯಾವ ಕಡೆಯದು ಎಂದು ರೇಡಿಯೊದಲ್ಲಿ ಹೇಳಬೇಕು.

ಗಾಳಿಚೀಲ ಅಂದರೇನು ಎಂದು ನಿಮಗೆ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ, ನಮಗೂ ಗೊತ್ತಿರಲಿಲ್ಲ. ಅದು ಪ್ಯಾಂಟಿನ ಒಂದು ಕಾಲಿನ ಹಾಗಿರುತ್ತದೆ, ಎರಡೂ ಕಡೆ ತೆರೆದಿರುತ್ತದೆ. ದೊಡ್ಡ ಬಾಯಿಂದ ಗಾಳಿ ನುಗ್ಗಿ ಸಣ್ಣ ಬಾಯಿಂದ ಹೊರಗೆ ಹೋಗುತ್ತದೆ. ಚೀಲ ಹಾರುವ ದಿಕ್ಕು ನೋಡಿ ಪೈಲಟ್ ಗಾಳಿಗೆ ಎದುರಾಗಿ ವಿಮಾನ ಇಳಿಸುತ್ತಾರೆ. ಎದುರು ಗಾಳಿ ವಿಮಾನವನ್ನು ತಡೆದು ನಿಲ್ಲಿಸುತ್ತದೆ, ಬೆನ್ನ ಹಿಂದಿನ ಗಾಳಿ ತಳ್ಳಿಕೊಂಡು ಹೋಗುತ್ತದೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಾಳಿಗೆ ಸರಿ, ವಿಮಾನಕ್ಕೆ ಅಲ್ಲ.

ಈಗ ನನ್ನ ಮೈದುನನ ವಿಷಯ. ಅವನು ಟೈಲರ್. ಊಟಕ್ಕೆ ಕೂತರೂ ಕೊರಳಲ್ಲಿ ಅಳತೆಯ ಟೇಪು ಇರುವುದರಿಂದ ಊರೆಲ್ಲ ಅವನನ್ನು ಟೇಪಣ್ಣ ಎನ್ನುತ್ತದೆ. ಒಳ್ಳೆಯ ಕೈ. ಒಂದೇ ದೋಷ, ಹರಿದದ್ದು ಕಂಡರೆ ಸುಮ್ಮನಿರಲಾರ. ಗಾಳಿಚೀಲದ ಪಕ್ಕದ ಹೊಲಿಗೆ ಬಿಟ್ಟಿತ್ತೆಂದು ಬಾವುಟದ ಮಾವ ಅದನ್ನು ತಂದು ಅವನ ಮೇಜಿನ ಮೇಲೆ ಹಾಕಿ ಹೋದ. ಟೇಪಣ್ಣ ಪಕ್ಕ ಹೊಲಿದ. ಆಮೇಲೆ ಚೀಲ ತಿರುಗಿಸಿ ನೋಡಿದ.

"ಅತ್ತಿಗೆ, ನೋಡಿ, ತಳವೇ ಇಲ್ಲ! ಪೂರ್ತಿ ಕಿತ್ತುಹೋಗಿದೆ."

"ಚೀಲ ಅಂದ್ಮೇಲೆ ತಳ ಬೇಡ್ವಾ? ಹೊಲಿ ಮತ್ತೆ," ಎಂದೆ ನಾನು. ಇದನ್ನು ನೆನಪಿಟ್ಟುಕೊಳ್ಳಿ, ಹೇಳಿದವಳು ನಾನು.

ಅವನು ಎರಡು ಸಾಲು ಹೊಲಿಗೆ ಹಾಕಿ ತಳ ಮುಚ್ಚಿದ. ನೀರು ಇಳಿಯದ ದಪ್ಪ ಬಟ್ಟೆ ಅದು. ಎರಡು ವಾರ ಬಿಸಿಲಿತ್ತು, ಚೀಲ ಚೆನ್ನಾಗಿಯೇ ಹಾರಿತು. ನಂತರ ಒಂದು ಸೋಮವಾರ ಜೋರು ಮಳೆ ಬಂತು. ಚೀಲ ಕೊಡದ ಹಾಗೆ ನೀರು ತುಂಬಿಕೊಂಡು ಕಂಬಕ್ಕೆ ಜೋತುಬಿತ್ತು.

ಮಂಗಳವಾರ ಬೆಳಿಗ್ಗೆ ಒಳ್ಳೆಯ ಗಾಳಿ ಇತ್ತು. ವಿಮಾನ ಬಂತು. ಅದನ್ನು ಹಾರಿಸುವವಳನ್ನು ನಾವು ಪೈಲಟಮ್ಮ ಎನ್ನುತ್ತೇವೆ. ಸಣ್ಣ ವಯಸ್ಸು, ದೊಡ್ಡ ನಗು. ಅಂದು ಅವಳ ಜೊತೆ ಕಣ್ಣಿನ ಡಾಕ್ಟರಿದ್ದರು. ನನ್ನ ಅತ್ತೆಗೆ ಪೊರೆ ಬಂದು ನಾಲ್ಕು ವರ್ಷವಾಗಿದೆ. ಅವರ ಆಪರೇಷನ್‌ಗೇ ಡಾಕ್ಟರು ಬರುತ್ತಿದ್ದದ್ದು. ಅತ್ತೆ ಬೆಳಿಗ್ಗೆ ಆರಕ್ಕೇ ತಲೆ ಬಾಚಿಕೊಂಡು ಬಾಗಿಲಲ್ಲಿ ಕೂತಿದ್ದರು.

ಪೈಲಟಮ್ಮ ಮೇಲೆ ಒಂದು ಸುತ್ತು ಹಾಕಿ ಚೀಲ ನೋಡಿದಳು. ಜೋತುಬಿದ್ದಿದೆ, ಅಂದರೆ ಗಾಳಿ ಇಲ್ಲ. ಬಾವುಟದ ಮಾವನೂ ಚೀಲ ನೋಡಿ ರೇಡಿಯೊದಲ್ಲಿ "ಗಾಳಿ ಇಲ್ಲಮ್ಮಾ, ಬಾ," ಎಂದ. ಅವನ ಕೈಯಲ್ಲಿದ್ದ ಬಾವುಟ ಆಗ ಅವನ ಮುಖಕ್ಕೇ ಪಟಪಟ ಹೊಡೆಯುತ್ತಿತ್ತು. ಪುಣ್ಯಾತ್ಮ ಅದನ್ನು ಕೈಯಿಂದ ಸರಿಸಿ ಸರಿಸಿ ಮಾತಾಡಿದ್ದಾನೆ!

ವಿಮಾನ ಹಿಂದಿನ ಗಾಳಿಯೊಡನೆ ಇಳಿಯಿತು. ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಓಡಿತು, ಓಡಿತು, ನನ್ನ ಬಲೆಗಳಿಗೆ ನುಗ್ಗಿತು. ಮೂತಿಯ ಮೇಲಿನ ಫ್ಯಾನು ಬಲೆ ಸುತ್ತಿಕೊಂಡು ಸೊಟ್ಟಗಾಯಿತು, ಒಂದು ಚಕ್ರ ಮುರಿಯಿತು, ಮೂತಿ ಮರಳಿಗೆ ಊರಿತು. ನಾವೆಲ್ಲ ಬಾಯಿ ಬಡಿದುಕೊಂಡು ಓಡಿದೆವು. ಬಾಗಿಲು ತೆರೆದು ಪೈಲಟಮ್ಮ ಇಳಿದಳು, ಡಾಕ್ಟರನ್ನು ಇಳಿಸಿದಳು. ಡಾಕ್ಟರ ಹಣೆಯಲ್ಲಿ ಒಂದು ಬುಗುಟು, ಪೈಲಟಮ್ಮನ ಜಾಕೆಟ್ಟಿನ ತೋಳು ಹರಿದಿತ್ತು, ಅಷ್ಟೇ. ನನ್ನ ಕಣ್ಣಲ್ಲಿ ನೀರು ಬಂತು. ಇವತ್ತು ಇದನ್ನು ನಗುತ್ತಾ ಹೇಳುತ್ತಿದ್ದೇನೆ ಎಂದರೆ ಇಬ್ಬರ ಉಸಿರೂ ಉಳಿದದ್ದರಿಂದ.

ಎಲ್ಲರೂ ವಿಮಾನದ ಸುತ್ತ ಸೇರಿದ್ದಾಗ ನಾನು ಮೆಲ್ಲಗೆ ಹಿಂದೆ ಸರಿದೆ. ಯಾಕೆಂದರೆ ಬಲೆಗಳನ್ನು ಡ್ರಮ್ಮಿನ ಆಚೆ ಒಣಹಾಕಬೇಕೆಂದು ನಿಯಮ. ನಾನು ಹಾಕಿದ್ದು ಡ್ರಮ್ಮಿನ ಈಚೆ, ನಲವತ್ತು ಹೆಜ್ಜೆ ಒಳಗೆ. ಅಲ್ಲಿ ಮರಳು ಸಮತಟ್ಟು, ಉಬ್ಬರದ ನೀರೂ ಅಲ್ಲಿಯವರೆಗೆ ಬಾರದು, ಬಲೆ ಬೇಗ ಒಣಗುತ್ತದೆ. ವಿಮಾನ ಅಲ್ಲಿಯವರೆಗೆ ಎಂದೂ ಬಂದಿರಲಿಲ್ಲ. ಬಲೆಯ ಬಣ್ಣ ಮರಳಿನದೇ ಆದ್ದರಿಂದ ಮೇಲಿನಿಂದ ಕಾಣುವುದೂ ಇಲ್ಲ. ನಾನು ಸೆರಗು ಕಟ್ಟಿ, ಡ್ರಮ್ಮನ್ನು ಐವತ್ತು ಹೆಜ್ಜೆ ಉರುಳಿಸಿಕೊಂಡು ಬಂದು ಬಲೆಯ ಈಚೆ ನಿಲ್ಲಿಸಿದೆ.

ಮನೆಗೆ ಬಂದರೆ ಟೇಪಣ್ಣ ಅಡುಗೆಮನೆಯಲ್ಲಿ ನಿಂತಿದ್ದಾನೆ. ತಲೆಯಿಂದ ಕಾಲಿನವರೆಗೆ ತೊಪ್ಪೆ. ಹೊರಗೆ ಸುಡುವ ಬಿಸಿಲು!

"ಎಲ್ಲಿ ನೆಂದೆಯೋ?"

"ಕಂಬ ಹತ್ತಿದ್ದೆ ಅತ್ತಿಗೆ. ಕತ್ತರಿ ಹಾಕಿ ಚೀಲದ ಹೊಲಿಗೆ ಬಿಚ್ಚಿದೆ. ಅಷ್ಟೂ ನೀರು ನನ್ನ ನೆತ್ತಿ ಮೇಲೇ ಸುರೀತು." ಅವನು ಕೊರಳಿನ ಟೇಪು ಹಿಂಡಿ ನೀರಿಳಿಸಿದ. "ನಾನು ಹೊಲಿದಿದ್ದಕ್ಕೇ ಹೀಗಾಯ್ತು. ಅಲ್ಲ, ನಿಮ್ಮ ಕೈಗೆ ಏನದು ಬಿಳೀದು?"

ಡ್ರಮ್ಮಿಗೆ ಅಂದು ಬೆಳಿಗ್ಗೆಯಷ್ಟೇ ಬಣ್ಣ ಬಳಿದಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಎರಡೂ ಅಂಗೈಯನ್ನು ಸೆರಗಿನ ಹಿಂದೆ ಅಡಗಿಸಿದೆ. ಸೆರಗೂ ಬಿಳಿಯಾಯಿತು.

"ನೋಡು," ಎಂದೆ, "ಯಾರಿಗೂ ಏನೂ ಆಗಿಲ್ಲ. ನೀನೂ ಬಾಯಿ ಬಿಡ್ಬೇಡ, ನಾನೂ ಬಿಡಲ್ಲ. ವಿಮಾನ ಓಡಿಸೋದು ಅವಳ ಕೆಲಸ. ಹೊಣೆ ಅವಳದು. ನಮಗ್ಯಾಕೆ ಊರ ಉಸಾಬರಿ?"

ಡಾಕ್ಟರು ಅಂದೇ ದೋಣಿ ಹತ್ತಿದರು. ತನಿಖೆ ಮುಗಿಯುವ ತನಕ ಪೈಲಟಮ್ಮ ಊರಲ್ಲೇ ಇರಬೇಕಿತ್ತು. ಎಲ್ಲಿ ಉಳಿದಳು ಗೊತ್ತೇ? ನಮ್ಮ ಮನೆಯಲ್ಲಿ! ಮರಳಿಗೆ ಹತ್ತಿರದ ಮನೆ ನಮ್ಮದೇ ತಾನೇ. ನನ್ನವರು ದೊಡ್ಡ ದೋಣಿಯಲ್ಲಿ ವಾರಕ್ಕೆಂದು ಹೋಗಿದ್ದರು, ಕೋಣೆ ಖಾಲಿ ಇತ್ತು. ಅವಳು ಅತ್ತೆಯ ಪಕ್ಕ ಕೂತು ತರಕಾರಿ ಹೆಚ್ಚಿದಳು, ನನ್ನ ಹರಿದ ಬಲೆ ಬಿಡಿಸಲು ಬಂದು ಇನ್ನಷ್ಟು ಗಂಟು ಹಾಕಿದಳು. ಎರಡು ದಿನ ಒಂದೇ ಮಾತು.

"ಅಕ್ಕಾ, ಚೀಲ ಜೋತುಬಿದ್ದಿದ್ದನ್ನ ನಾನು ಕಣ್ಣಾರೆ ನೋಡ್ದೆ. ಇಳಿದು ನೋಡಿದ್ರೆ ನೆಟ್ಟಗೆ ಹಾರ್ತಿತ್ತು. ಡ್ರಮ್ಮು ಅಷ್ಟು ಹತ್ತಿರ ಇತ್ತಾ? ನನಗೇನೋ ದೂರ ಕಂಡಿತ್ತು. ನನ್ನ ಕಣ್ಣಿಗೇ ಏನಾದ್ರೂ ಆಗಿದ್ಯಾ?"

"ಕಣ್ಣಿಗೆ ಆಗಿರೋದು ನನಗಮ್ಮಾ. ನಿನಗ್ಯಾಕಾಗುತ್ತೆ?" ಎಂದರು ಅತ್ತೆ.

"ಕಣ್ಣು ಸರಿ ಇಲ್ಲ ಅಂದ್ರೆ ಇನ್ಮೇಲೆ ಹಾರಿಸೋ ಹಾಗಿಲ್ಲಜ್ಜಿ. ಲೈಸೆನ್ಸ್ ಹೋಗುತ್ತೆ. ನಂಗೆ ಬೇರೆ ಕೆಲಸ ಬರಲ್ಲ. ಬೇಕಾಗೂ ಇಲ್ಲ."

ಟೇಪಣ್ಣ ಆಗ ಅವಳ ಜಾಕೆಟ್ಟಿಗೇ ತೋಳು ಕೂರಿಸುತ್ತಿದ್ದ. ಸೂಜಿ ಬೆರಳಿಗೆ ಚುಚ್ಚಿಕೊಂಡ. ಇಪ್ಪತ್ತು ವರ್ಷದಲ್ಲಿ ಅವನು ಬೆರಳು ಚುಚ್ಚಿಕೊಂಡದ್ದು ನಾನು ನೋಡಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ನಾವು, ಉಣ್ಣುವವಳು ಅವಳು. ನನಗೂ ಅನ್ನ ಇಳಿಯುತ್ತಿರಲಿಲ್ಲ, ಆದರೂ ಹಟ ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಅತ್ತೆ ಒಗೆಯುವ ಬಟ್ಟೆಗಳ ಜೇಬು ತಡವುತ್ತಿದ್ದರು. ಕಣ್ಣು ಮಂಜಾದ ಮೇಲೆ ಅವರ ಬೆರಳುಗಳೇ ಕಣ್ಣು. ಟೇಪಣ್ಣನ ಪ್ಯಾಂಟಿನ ಜೇಬಿನಿಂದ ಒಂದು ಹಿಡಿ ತುಂಡು ದಾರ ತೆಗೆದರು.

"ಇದು ದಪ್ಪ ದಾರ. ಮೇಣ ಹಚ್ಚಿದ್ದು. ಅಂಗಿಗೆ ಹಾಕೋದಲ್ಲ," ಎಂದರು. "ನೀನು ಚೀಲ ಹೊಲಿಯೋವಾಗ ಮೇಣ ಹಚ್ಚಿಕೊಟ್ಟವಳು ನಾನೇ. ಯಾಕಪ್ಪ ಕತ್ತರಿಸಿದೆ?"

ಟೇಪಣ್ಣ ಎಲ್ಲವನ್ನೂ ಹೇಳಿದ. ನಾನೂ ಹೇಳಿದೆ, ಆದರೆ ಕೊನೆಗೆ, "ಈಗ ಹೇಳಿದ್ರೆ ನಮ್ಮ ಕುತ್ತಿಗೆಗೇ ಬರುತ್ತೆ ಅತ್ತೆ," ಎಂದು ಸೇರಿಸಿದೆ.

ಅತ್ತೆ ದಾರವನ್ನು ಮಗನ ಅಂಗೈಗೆ ಹಾಕಿದರು. "ಅಳತೆ ತಪ್ಪಿದ ಅಂಗೀನ ಏನು ಮಾಡ್ತೀಯೋ? ಮಡಚಿ ಪೆಟ್ಟಿಗೆ ತಳಕ್ಕೆ ಹಾಕ್ತೀಯಾ, ಬಿಚ್ಚಿ ಹೊಲೀತೀಯಾ? ಆ ಹುಡುಗಿ ತನ್ನ ಕಣ್ಣನ್ನೇ ನಂಬದ ಹಾಗೆ ಮಾಡಿದ್ರಲ್ಲೋ! ಕಣ್ಣು ಹೋಗೋದು ಅಂದ್ರೇನು ಅಂತ ನನ್ನ ಕೇಳಿ."

ಅಂದು ಮಧ್ಯಾಹ್ನ ತನಿಖೆಯ ಅಧಿಕಾರಿ ದೋಣಿಯಿಂದ ಇಳಿದರು. ಕಿವಿಯ ಮೇಲೆ ಪೆನ್ಸಿಲ್ಲು, ಜೇಬಿನಲ್ಲಿ ರಬ್ಬರು. ಬಲೆ ಶೆಡ್ಡಿನಲ್ಲಿ ಊರು ಸೇರಿತು. ವಿಮಾನ ಕಂಪನಿಯ ಮ್ಯಾನೇಜರೂ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ಬೆವರಿ ಬೆನ್ನಿಗೆ ಅಂಟಿತ್ತು.

"ಸಾರ್, ಇದರಲ್ಲಿ ಕೇಳೋಕೆ ಏನಿದೆ?" ಎಂದ ಮ್ಯಾನೇಜರ್. "ಚೀಲ ನೋಡಿ, ಚೆನ್ನಾಗಿ ಹಾರ್ತಿದೆ. ಇವರು ನೋಡದೆ ಹಿಂಗಾಳಿಯಲ್ಲಿ ಇಳಿಸಿದ್ದಾರೆ. ಡ್ರಮ್ಮು ದಾಟಿ ಹೋಗಿದ್ದಾರೆ. ಪೈಲಟ್ ತಪ್ಪು."

ಅಧಿಕಾರಿ ಬಾವುಟದ ಮಾವನನ್ನು ನೋಡಿದರು. "ನೀವೇನು ಹೇಳಿದ್ರಿ ರೇಡಿಯೊದಲ್ಲಿ?"

"ಏನೋ ಹೇಳ್ದೆ ಸಾಮಿ. ಸರಿಯಾಗಿ ನೆನಪಿಲ್ಲ," ಎಂದು ಮಾವ ನೆಲ ನೋಡಿದ. ಕೆಲಸ ಹೋಗುವ ಭಯ ಪಾಪ.

ಪೈಲಟಮ್ಮ ಎದ್ದು ನಿಂತಳು. ಟೇಪಣ್ಣ ತೋಳು ಕೂರಿಸಿದ ಜಾಕೆಟ್ಟು ಹಾಕಿದ್ದಳು. "ಚೀಲ ಜೋತುಬಿದ್ದಿತ್ತು ಅಂತ ನನಗೆ ಕಂಡಿತು ಸಾರ್. ಆದರೆ ಎಲ್ಲರೂ ಇಲ್ಲ ಅಂತಾರೆ. ನನ್ನ ಕಣ್ಣೇ ತಪ್ಪಿರಬಹುದು. ಬರ್ಕೊಳ್ಳಿ."

ಅಧಿಕಾರಿ ಪೆನ್ಸಿಲ್ ಹಾಳೆಯ ಮೇಲೆ ಇಟ್ಟರು.

"ಬರೀಬೇಡಿ!" ಟೇಪಣ್ಣ ಎದ್ದುಬಿಟ್ಟಿದ್ದ. ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ಅವರ ಕಣ್ಣು ಸರಿ ಇದೆ. ಚೀಲ ಜೋತುಬಿದ್ದೇ ಇತ್ತು. ತಳ ಹೊಲಿದೋನು ನಾನು, ಮಳೆ ನೀರು ತುಂಬಿತ್ತು. ವಿಮಾನ ಬಿದ್ದ ಮೇಲೆ ಕಂಬ ಹತ್ತಿ ಹೊಲಿಗೆ ಬಿಚ್ಚಿದೋನೂ ನಾನೇ. ಇಗೋ ದಾರ."

ಪೈಲಟಮ್ಮ ಎರಡು ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು. "ನನ್ನ ಕಣ್ಣು ಸರಿ ಇದೆ, ಅಜ್ಜಿ! ಸರಿ ಇದೆ!"

ಮ್ಯಾನೇಜರ್ ಬೆರಳು ತಿರುಗಿಸಿದ. "ಹಾಗಾದ್ರೆ ಟೈಲರ್‌ದೇ ತಪ್ಪು! ಬರ್ಕೊಳ್ಳಿ ಸಾರ್, ಟೈಲರ್!"

ನನ್ನ ಮೈದುನನನ್ನು ಬೈಯುವ ಹಕ್ಕು ನನಗೊಬ್ಬಳಿಗೇ ಇದೆ. ನಾನು ಎದ್ದೆ. "ಅವನೊಬ್ಬನದೇ ಅಂತ ಯಾರು ಹೇಳಿದ್ದು? ತಳ ಹೊಲಿ ಅಂದೋಳು ನಾನು. ಡ್ರಮ್ಮಿನ ಈಚೆ ಬಲೆ ಹಾಕ್ದೋಳು ನಾನು. ಆಮೇಲೆ ಡ್ರಮ್ಮು ಉರುಳಿಸಿದ್ದೂ ನಾನೇ. ನೋಡಿ, ಉಗುರಲ್ಲಿ ಇನ್ನೂ ಬಣ್ಣ ಇದೆ."

ಬಾವುಟದ ಮಾವನಿಗೂ ಧೈರ್ಯ ಬಂತು. "ಸಾಮಿ, ಈಗ ನೆನಪಾಯ್ತು. ಗಾಳಿ ಇಲ್ಲ ಅಂತ ಹೇಳಿದ್ದು ನಾನು. ಬಾವುಟ ಮೂತಿಗೆ ಬಡೀತಿತ್ತು. ಆದ್ರೆ ಚೀಲ ನೋಡಿ ಹೇಳು ಅಂದಿದ್ರು, ಬಾವುಟ ನೋಡು ಅಂತ ಯಾರೂ ಹೇಳಿರ್ಲಿಲ್ಲ!"

ಶೆಡ್ಡೇ ನಗುವಿನಿಂದ ಅಲ್ಲಾಡಿತು. ಪೈಲಟಮ್ಮ ಕೈ ಎತ್ತಿದಳು. "ನನ್ನದೂ ಇದೆ ಸಾರ್. ಚೀಲ ಒಂದನ್ನೇ ನಂಬಿದೆ. ಅಲೆ ಯಾವ ಕಡೆ ಒಡೀತಿದೆ, ಅಡುಗೆಮನೆ ಹೊಗೆ ಯಾವ ಕಡೆ ಹೋಗ್ತಿದೆ, ನೋಡಬೇಕಿತ್ತು. ಕೆಳಗೆ ಇಳಿದು ಮರಳಿನ ಉದ್ದಕ್ಕೂ ಒಮ್ಮೆ ಹಾರಿ ನೋಡಿದ್ರೆ ಬಲೆನೂ ಕಾಣ್ತಿತ್ತು. ಡಾಕ್ಟರಿಗೆ ತಡ ಆಗುತ್ತೆ ಅಂತ ಬಿಟ್ಟೆ."

ಆಮೇಲೆ ಶುರುವಾಯಿತು ನೋಡಿ! ವಿಮಾನ ಬಂದಾಗೆಲ್ಲ ಕೈ ಬೀಸಲು ಮರಳಿಗೆ ಓಡುತ್ತೇನೆ ಎಂದು ಒಬ್ಬಳು. ಬಾವುಟ ಎತ್ತಿದರೂ ಕೊನೆಯ ಗೋಲು ಹೊಡೆದೇ ಹೋಗುತ್ತೇವೆ ಎಂದು ಚೆಂಡಾಡುವವರು. ಅತ್ತೆ, "ದಾರಕ್ಕೆ ಮೇಣ ಹಚ್ಚಿದೋಳು ನಾನು, ನನ್ನ ಹೆಸರೂ ಬರ್ಕೊಳ್ಳಿ," ಎಂದರು. ಅಧಿಕಾರಿಯ ಪೆನ್ಸಿಲ್ಲು ಮೊಂಡಾಯಿತು. ಟೇಪಣ್ಣ ಕತ್ತರಿಯಿಂದ ಚೂಪು ಮಾಡಿಕೊಟ್ಟ.

ಕೊನೆಗೆ ಅಧಿಕಾರಿ ಮ್ಯಾನೇಜರ್ ಕಡೆ ತಿರುಗಿದರು. ಚೂಪಾದ ಪೆನ್ಸಿಲ್ಲನ್ನು ಹಾಳೆಯ ಮೇಲೆ ಇಟ್ಟರು. ಮ್ಯಾನೇಜರ್ ಕರ್ಚೀಫು ತೆಗೆದ. "ಚೀಲ ಹೇಗಿರಬೇಕು ಅಂತ ಟೈಲರಿಗೆ ಒಂದು ಚೀಟಿನೂ ಕಳಿಸಿಲ್ಲ," ಎಂದ, ಮೆಲ್ಲಗೆ. "ಬಾವುಟದವರಿಗೆ ಒಂದು ದಿನನೂ ಕಲಿಸಿಲ್ಲ. ನಾನು ಈ ಮರಳು ನೋಡ್ತಿರೋದೇ ಇವತ್ತು ಮೊದಲು."

"ನಾನು ಪೆನ್ಸಿಲ್ಲಲ್ಲಿ ಬರಿಯೋದು ಇದಕ್ಕೇ," ಎಂದರು ಅಧಿಕಾರಿ. "ಮೊದಲು ಬರೆದದ್ದು ಸಾಮಾನ್ಯವಾಗಿ ಸರಿ ಇರಲ್ಲ. ಕೇಳಿ. ಇಳಿಬೇಕಾ ಬೇಡ್ವಾ ಅಂತ ಕೊನೇ ನಿರ್ಧಾರ ಪೈಲಟ್‌ದು. ಅನುಮಾನ ಬಂದ್ರೆ ವಾಪಸ್ ಹೋಗಬೇಕು, ಅದರಲ್ಲಿ ಅವಮಾನ ಇಲ್ಲ. ಇಳಿಯೋ ಜಾಗ ಸರಿ ಇಡೋದು, ಜನಕ್ಕೆ ಕಲಿಸೋದು ಕಂಪನಿದು. ಬಾವುಟ ಎತ್ತಿದ ಮೇಲೆ ಮರಳು ಬಿಡೋದು ಊರಿನವರದು. ಇವರಲ್ಲಿ ಯಾರೊಬ್ಬರು ತಮ್ಮ ಕೆಲಸ ಸರಿಯಾಗಿ ಮಾಡಿದ್ರೂ ಮಂಗಳವಾರ ವಿಮಾನ ಉಳೀತಿತ್ತು."

ನನಗೆ ಬಲೆ ನೆನಪಾಯಿತು. ಒಂದು ಕಣ್ಣು ಹರಿದರೆ ದೊಡ್ಡ ಮೀನು ತಪ್ಪಿಸಿಕೊಳ್ಳುವುದಿಲ್ಲ. ಪಕ್ಕಪಕ್ಕದ ನಾಲ್ಕು ಹರಿದರೆ ತಪ್ಪಿಸಿಕೊಳ್ಳುತ್ತದೆ.

ಆಮೇಲೆ ಅವರು ನಮ್ಮಿಬ್ಬರನ್ನು ನೋಡಿದರು. ಆಗ ನಗಲಿಲ್ಲ. "ತಳ ಹೊಲಿದದ್ದು ತಿಳಿಯದೆ ಮಾಡಿದ್ದು. ಹೊಲಿಗೆ ಬಿಚ್ಚಿದ್ದು, ಡ್ರಮ್ಮು ಸರಿಸಿದ್ದು ತಿಳಿದೂ ತಿಳಿದೂ ಮಾಡಿದ್ದು. ದೊಡ್ಡ ತಪ್ಪು ಅದು. ಅಪಘಾತ ಆದ ಜಾಗದಲ್ಲಿ ಒಂದು ಕಲ್ಲನ್ನೂ ಸರಿಸಬಾರದು. ನೀವು ಇವತ್ತು ಸುಮ್ಮನಿದ್ದಿದ್ರೆ ನಾನು ಈ ಹುಡುಗಿಯನ್ನ ಮನೆಗೆ ಕಳಿಸ್ತಿದ್ದೆ. ಹೊಸ ಪೈಲಟ್ ಬರ್ತಿದ್ರು. ಇನ್ನೊಂದು ಚೀಲ ಹರೀತಿತ್ತು, ನೀವು ಇನ್ನೊಂದು ತಳ ಹೊಲೀತಿದ್ರಿ. ಆವಾಗ ಬರೀ ಬುಗುಟಿಗೆ ಮುಗೀತಿರ್ಲಿಲ್ಲ."

ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಮನೆಯಲ್ಲಿ ಯಾರ ಮುಂದೆಯೂ ತಗ್ಗಿಸದ ತಲೆ ಇದು, ಅತ್ತೆಯನ್ನೇ ಕೇಳಿ.

ಪೈಲಟಮ್ಮನ ಲೈಸೆನ್ಸ್ ಉಳಿಯಿತು. ಮೂರು ವಾರ ಮರಳಿನ ಮೇಲೆ ಇಳಿಸುವುದನ್ನು ಮತ್ತೆ ಕಲಿತು ಪರೀಕ್ಷೆ ಕೊಟ್ಟು ಬಂದಳು. ಮ್ಯಾನೇಜರ್ ಈಗ ತಿಂಗಳಿಗೊಮ್ಮೆ ಬಂದು, ಪ್ಯಾಂಟು ಮಡಚಿ ಇಡೀ ಮರಳು ನಡೆದು ನೋಡುತ್ತಾನೆ. ಬಾವುಟದ ಮಾವ ಎಂಟು ದಿನ ತರಬೇತಿಗೆ ಹೋಗಿ ಬಂದ ಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಚೀಲ, ಬಾವುಟ, ಅಲೆ, ಹೊಗೆ, ನಾಲ್ಕನ್ನೂ ನೋಡದೆ ರೇಡಿಯೊ ಮುಟ್ಟುವುದಿಲ್ಲ. ಹೊಸ ಚೀಲ ಹೊಲಿದದ್ದು ನಮ್ಮ ಟೇಪಣ್ಣನೇ. ಈ ಸಲ ಅಳತೆಯ ಚಿತ್ರ ಮೇಜಿನ ಮೇಲಿತ್ತು, ಹೊಲಿದ ಮೇಲೆ ಪೈಲಟಮ್ಮ ಒಳಗೆ ಕೈ ತೂರಿಸಿ, ಆ ಕಡೆಯಿಂದ ಹೊರಗೆ ತೆಗೆದು ನೋಡಿದಳು.

ವಿಮಾನ ಮತ್ತೆ ಬಂದ ಮೊದಲ ದಿನ ಡಾಕ್ಟರು ಅತ್ತೆಯ ಕಣ್ಣಿನ ಆಪರೇಷನ್ ಮಾಡಿದರು. ಪಟ್ಟಿ ಬಿಚ್ಚಿ, ಕಣ್ಣು ಚೆನ್ನಾಗಿ ತೆರೆದುಕೊಂಡ ಮೇಲೆ ಒಂದು ಶುಕ್ರವಾರ ಅತ್ತೆಯನ್ನು ಕೈ ಹಿಡಿದು ಮರಳಿಗೆ ಕರೆದುಕೊಂಡು ಹೋದೆವು. ವಿಮಾನ ಗಾಳಿಗೆ ಎದುರಾಗಿ ಬಂದು ಮೆತ್ತಗೆ ಇಳಿಯಿತು, ಡ್ರಮ್ಮು ಇನ್ನೂ ಎಷ್ಟೋ ದೂರ ಇರುವಾಗಲೇ ನಿಂತಿತು. ಊರೆಲ್ಲ ಮರಳಿನ ಆಚೆ ನಿಂತು ಚಪ್ಪಾಳೆ ಹೊಡೆಯಿತು. ಅತ್ತೆ ಮಾತ್ರ ವಿಮಾನ ನೋಡಲೇ ಇಲ್ಲ. ಕಂಬದ ಮೇಲಿನ ಚೀಲವನ್ನೇ ನೋಡುತ್ತಿದ್ದರು.

"ಎಷ್ಟು ಚೆನ್ನಾಗಿ ಹಾರ್ತಿದೆ ಅಲ್ವಾ ಅಮ್ಮಾ?" ಎಂದು ಟೇಪಣ್ಣ ಎದೆಯುಬ್ಬಿಸಿ ಕೇಳಿದ.

"ಹಾರೋದು ಹಾರ್ತಿದೆ. ಅಂಚು ಸೊಟ್ಟಗಿದೆಯಲ್ಲೋ! ನಾಲ್ಕು ವರ್ಷದಿಂದ ಹೀಗೇ ಹೊಲೀತಿದ್ಯಾ? ನನಗೆ ಕಾಣಲ್ಲ ಅಂತ?"

ಟೇಪಣ್ಣ ಬಗ್ಗಿ ಅಮ್ಮನ ಕಾಲ ಮೇಲೆ ತಲೆ ಇಟ್ಟು ನಕ್ಕ. ನಾನು ನಕ್ಕು ನಕ್ಕು ಕಣ್ಣೊರೆಸಿಕೊಂಡೆ.

ಇದನ್ನು ಕೇಳಿಸಿಕೊಳ್ಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಮರಳಿನಲ್ಲೂ ವಿಮಾನ ಇಳಿಯಬಹುದು. ಬಾವುಟ ಕಂಡ ಕೂಡಲೇ ಮರಳು ಬಿಟ್ಟು ಆಚೆ ನಿಲ್ಲಿ, ಕೈ ಅಲ್ಲಿಂದಲೇ ಬೀಸಿ. ಬಲೆ, ದೋಣಿ, ಸೈಕಲ್ಲು ಗುರುತಿನ ಈಚೆ ಬೇಡ, ವಿಮಾನ ಅಲ್ಲಿಯವರೆಗೆ ಬರುವುದಿಲ್ಲ ಎಂದು ನಾನೂ ಅಂದುಕೊಂಡಿದ್ದೆ. ಗೊತ್ತಿಲ್ಲದ ವಸ್ತುವನ್ನು ರಿಪೇರಿ ಮಾಡುವ ಮುಂಚೆ ಗೊತ್ತಿದ್ದವರನ್ನು ಕೇಳಿ. ಅನಾಹುತ ಆದರೆ ಮೊದಲು ಮನುಷ್ಯರನ್ನು ಉಳಿಸಿ, ಉಳಿದದ್ದನ್ನು ಇದ್ದ ಹಾಗೇ ಬಿಡಿ. ಆಮೇಲೆ ತಪ್ಪು ಯಾರದು ಎಂದು ಕೇಳುವವರ ಮುಂದೆ ಬೇರೆಯವರ ಕಡೆ ಕೈ ತೋರಿಸುವ ಮುಂಚೆ ನಿಮ್ಮ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಳ್ಳಿ. ಬಣ್ಣ ಇದ್ದರೆ ಹೇಳಿಬಿಡಿ.

ಅಯ್ಯೋ, ಮಾತಾಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಇವತ್ತು ಶುಕ್ರವಾರ. ಬಾವುಟ ಎತ್ತುವ ಮುಂಚೆ ನಾನು ಹೋಗಿ ಬಲೆ ತೆಗೆಯಬೇಕು.